ಜನರ ಮೂಡು ಅಳೆಯೋ ಮೀಟರು

ಮೀಡಿಯಾ ಹಾಳಾಗೋಯ್ತು ಅಂತ ಬೈಯದೇ ಇರೋರು ಈಗ ಸಿಗೋದೇ ಕಷ್ಟ. ಬಸ್ಸಲ್ಲಿ ಪಕ್ಕ ಕೂತೋರೂ ಬೈತಾರೆ, ಮದುವೆ ಮನೇಲಿ ಎದುರು ಪಂಕ್ತಿಲಿ ಊಟಕ್ಕೆ ಕೂತೋರೂ ಬೈತಾರೆ, ಬೈದು ಮುಗಿಸಿ ಅದೇ ಚಾನಲ್ಲಿನ ಕ್ಲಿಪ್ಪು ಮೊಬೈಲಲ್ಲಿ ತೆಗೆದು "ಇದ್ ನೋಡಿದ್ರಾ" ಅಂತ ತೋರಿಸ್ತಾರೆ. ನಂಗೂ ಆ ಚಟ ಇದೆ. ಆದ್ರೆ ಇತ್ತೀಚೆಗೆ ಅನ್ಸೋದು ಏನಂದ್ರೆ, ಪತ್ರಕರ್ತರ ನಿಯತ್ತು, ಜನರ ಬುದ್ಧಿ, ಪಾರ್ಟಿಗಳ ದುಡ್ಡು ಇವುಗಳ ಬಗ್ಗೆ ನಾವು ಮಾತಾಡಿದಷ್ಟು ಇನ್ನೊಂದು ವಿಷ್ಯದ ಬಗ್ಗೆ ಮಾತಾಡ್ತಾನೇ ಇಲ್ಲ. ಜನಕ್ಕೆ ಏನು ಹಿಡಿಸ್ತು ಅನ್ನೋದು ಸುದ್ದಿ ಕೊಡೋನಿಗೆ ಎಷ್ಟು ಹೊತ್ತಲ್ಲಿ ಗೊತ್ತಾಗುತ್ತೆ ಅನ್ನೋದು. ಆ ಹೊತ್ತು ಕಮ್ಮಿ ಆಗ್ತಾ ಆಗ್ತಾ ಬಂದಿದ್ದೇ ಇವತ್ತಿನ ಅರ್ಧ ಗಲಾಟೆಗೆ ಕಾರಣ ಅಂತ ನನ್ನ ಲೆಕ್ಕ.

ಪೇಪರ್ ಕಾಲ ನೆನೆಸ್ಕೊಳ್ಳಿ. ಪತ್ರಿಕೆಗಳ ಪ್ರಸಾರದ ಲೆಕ್ಕ ಇಡೋ ಎಬಿಸಿ ಅನ್ನೋ ಸಂಸ್ಥೆ ಸರ್ಟಿಫಿಕೇಟ್ ಕೊಡೋದು ಆರು ತಿಂಗಳಿಗೊಂದ್ಸಲ, ಜನವರಿಯಿಂದ ಜೂನ್‌ದು ಒಂದು, ಜುಲೈಯಿಂದ ಡಿಸೆಂಬರ್‌ದು ಇನ್ನೊಂದು. ಅದ್ರಲ್ಲೂ ಗೊತ್ತಾಗ್ತಿದ್ದದ್ದು ಎಷ್ಟು ಕಾಪಿ ಖರ್ಚಾಯ್ತು ಅಂತ ಅಷ್ಟೇ, ಮೂರನೇ ಪುಟದ ಸುದ್ದೀನ ಯಾರಾದ್ರೂ ಓದಿದ್ರಾ ಇಲ್ಲ ಅದ್ರಲ್ಲಿ ಬೋಂಡಾ ಕಟ್ಟಿಸ್ಕೊಂಡು ಹೋದ್ರಾ ಅಂತ ಸಂಪಾದಕರಿಗೆ ಗೊತ್ತಾಗೋಕೆ ದಾರೀನೇ ಇರ್ಲಿಲ್ಲ. ಇದ್ದಿದ್ದು ವಾಚಕರ ವಾಣಿಗೆ ಬರೋ ಕಾರ್ಡು, ಇನ್‌ಲ್ಯಾಂಡ್ ಲೆಟರು, ಜಿಲ್ಲಾ ವರದಿಗಾರ ಫೋನಲ್ಲಿ ಹೇಳೋ ಮಾತು, ಏಜೆಂಟರ ಗೊಣಗಾಟ. ಸಿಟ್ಟಲ್ಲಿ ಕಾರ್ಡು ಬರೆಯೋನು ಅದನ್ನ ಡಬ್ಬಕ್ಕೆ ಹಾಕೋ ಹೊತ್ತಿಗೆ ಅರ್ಧ ತಣ್ಣಗಾಗಿರ್ತಿದ್ದ, ಅಚ್ಚಾಗಿ ಬರೋ ಹೊತ್ತಿಗೆ ಊರು ಬೇರೆ ವಿಷ್ಯಕ್ಕೆ ಹೋಗಿರ್ತಿತ್ತು. ಪೇಪರ್ ಬರೋದೂ ಹಾಗೇ, ಮಲೆನಾಡ ಕಡೆ ಬೆಳಗಿನ ಬಸ್ಸಿಗೆ ಬಂದ್ರೆ ಬಂತು, ಇಲ್ಲಾಂದ್ರೆ ಮಧ್ಯಾಹ್ನ. ಅಲ್ಲೀವರೆಗೆ ಆಕಾಶವಾಣಿಯ ಪ್ರದೇಶ ಸಮಾಚಾರನೇ ಗತಿ. (ಅದಕ್ಕೂ ಮುಂಚೆ ಸಂಸ್ಕೃತ ವಾರ್ತೆ ಬರೋದು, ಬಲದೇವಾನಂದ ಸಾಗರ ಅನ್ನೋ ಹೆಸರು ಬಾಯಿಪಾಠ ಆಗದ ಮನೆ ಇತ್ತಾ? ಸುದ್ದಿ ಏನು ಅಂತ ಮಾತ್ರ ನಮ್ಮಲ್ಲಿ ಯಾರಿಗೂ ಅರ್ಥ ಆಗ್ತಿರ್ಲಿಲ್ಲ.)

ಲಂಕೇಶ್ 1980ರಲ್ಲಿ ಪತ್ರಿಕೆ ಶುರು ಮಾಡಿದಾಗ ಜಾಹೀರಾತೇ ತಗೊಳ್ಳಲ್ಲ ಅಂದ್ರು, ಓದೋರು ಕೊಡೋ ಕಾಸಲ್ಲೇ ನಡೀತು. ಅಂದ್ರೆ ಅವ್ರಿಗೂ ಮೀಟರ್ ಇತ್ತು, ಆದ್ರೆ ವಾರಕ್ಕೊಂದ್ಸಲ ಓಡೋ ಮೀಟರು, ಅದೂ ಇಡೀ ಸಂಚಿಕೆಗೆ ಸೇರಿ ಒಂದೇ ನಂಬರು. ನೀಲು ಕವನಕ್ಕೆ ಎಷ್ಟು ಜನ, ರಾಜಕೀಯದ ವರದಿಗೆ ಎಷ್ಟು ಜನ ಅಂತ ಬಿಡಿಸಿ ಹೇಳೋ ಯಂತ್ರ ಇದ್ದಿದ್ರೆ ಆ ಪತ್ರಿಕೆ ಹಾಗೇ ಇರ್ತಿತ್ತಾ? ನಂಗೆ ಡೌಟು. 1999ರಲ್ಲಿ ವಿಜಯ ಕರ್ನಾಟಕ ಬಂತು, ರೇಟು ಕಮ್ಮಿ, ಎಡಿಷನ್ನು ಜಾಸ್ತಿ, ಊರೂರಿನ ಸುದ್ದಿ ಪೇಪರಿಗೆ ಬಂತು, ಒಳ್ಳೇದೇ ಆಯ್ತು. ಆದ್ರೆ ಅಲ್ಲಿಂದಾಚೆ ಹಾಸನದೋರಿಗೆ ಬೆಳಗಾವಿ ಪುಟ ಕಾಣಲ್ಲ, ಬೆಳಗಾವಿಯೋರಿಗೆ ಹಾಸನ ಕಾಣಲ್ಲ ಅನ್ನೋ ಹಾಗೂ ಆಯ್ತು. ನಿಮಗೆ ಬೇಕಾದ್ದನ್ನೇ ನಿಮಗೆ ತೋರಿಸೋದು ಫೇಸ್‌ಬುಕ್ ಕಂಡುಹಿಡಿದ ವಿದ್ಯೆ ಏನಲ್ಲ.

ಆಮೇಲೆ ಟಿವಿ. 2006ರ ಕೊನೇಲಿ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ, ಮಧ್ಯ ಮಧ್ಯ ಇನ್ನೊಂದಷ್ಟು. ಇಲ್ಲಿ ಮೀಟರು ವಾರಕ್ಕೊಂದ್ಸಲ, ಟಿವಿ ರೇಟಿಂಗ್ ಲೆಕ್ಕ ಹಾಕೋ ಬಾರ್ಕ್ ಅನ್ನೋ ಸಂಸ್ಥೆ ಬಂದ್ಮೇಲೆ ಗುರುವಾರ. ನ್ಯೂಸ್ ಚಾನಲ್ಲಲ್ಲಿ ಕೆಲಸ ಮಾಡೋರ ಹತ್ರ ಕೇಳಿ ನೋಡಿ, ಗುರುವಾರ ಅಂದ್ರೆ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ. ಪೇಪರ್‌ಗಿಂತ ಇದ್ರಲ್ಲಿ ದೊಡ್ಡ ವ್ಯತ್ಯಾಸ ಏನಂದ್ರೆ ಯಾವ ಹೊತ್ತಲ್ಲಿ ಯಾವ ಪ್ರೋಗ್ರಾಂ ಓಡ್ತು ಅಂತ ಬಿಡಿಬಿಡಿಯಾಗಿ ಗೊತ್ತಾಗುತ್ತೆ. ಬೆಳಗ್ಗೆ ಜ್ಯೋತಿಷ್ಯ ಓಡ್ತು ಅಂದ್ರೆ ಬೆಳಗ್ಗೆ ಜ್ಯೋತಿಷ್ಯ ಖಾಯಂ.

ಇಲ್ಲೊಂದು ತಮಾಷೆ ಇದೆ. ಮುಂಬೈಯಲ್ಲಿ ಟಿಆರ್‌ಪಿ ಹಗರಣ ಆಗಿ 2020ರ ಅಕ್ಟೋಬರಲ್ಲಿ ಬಾರ್ಕ್‌ನವ್ರು ನ್ಯೂಸ್ ಚಾನಲ್ಲುಗಳ ವಾರದ ರೇಟಿಂಗ್ ನಿಲ್ಲಿಸಿಬಿಟ್ರು, ಮತ್ತೆ ಶುರು ಮಾಡಿದ್ದು 2022ರ ಮಾರ್ಚಲ್ಲಿ. ಹೆಚ್ಚೂಕಮ್ಮಿ ಒಂದೂವರೆ ವರ್ಷ ಗುರುವಾರದ ಭಯ ಇರ್ಲಿಲ್ಲ. ಆ ಒಂದೂವರೆ ವರ್ಷದಲ್ಲಿ ನಮ್ಮ ಚಾನಲ್ಲುಗಳು ಸ್ವಲ್ಪ ಮೆತ್ತಗಾದ್ವಾ? ನನ್ನ ಕಣ್ಣಿಗಂತೂ ಕಾಣ್ಲಿಲ್ಲ. ಯಾಕಂದ್ರೆ ಅಷ್ಟೊತ್ತಿಗೆ ಅವ್ರ ಕೈಗೆ ಇನ್ನೊಂದು ಮೀಟರ್ ಸಿಕ್ಕಾಗಿತ್ತು, ಯೂಟ್ಯೂಬ್ ಲೈವ್. ಈಗ ಎಷ್ಟು ಸಾವಿರ ಜನ ನೋಡ್ತಿದಾರೆ ಅಂತ ಸ್ಕ್ರೀನ್ ಮೇಲೇ ಬರುತ್ತೆ, ಆ್ಯಂಕರ್ ದನಿ ಏರಿಸಿದ್ರೆ ನಂಬರ್ ಏರುತ್ತೆ, ಬ್ರೇಕ್ ಕೊಟ್ರೆ ಇಳಿಯುತ್ತೆ. 2016ರ ಸೆಪ್ಟೆಂಬರಲ್ಲಿ ಜಿಯೋ ಬಂದ್ಮೇಲೆ ಡೇಟಾ ನೀರಿಗಿಂತ ಅಗ್ಗ ಆಯ್ತಲ್ಲ, ಹಳ್ಳಿ ಹಳ್ಳಿಗೂ ಫೋನಲ್ಲಿ ವಿಡಿಯೋ ಬಂತು, ಅದ್ರ ಹಿಂದೇನೇ ಒಂದು ಮೈಕು, ಒಂದು ಲೋಗೋ ಹಿಡ್ಕೊಂಡ ನೂರಾರು ಚಾನಲ್ಲುಗಳೂ ಬಂದ್ವು. ಅವ್ರ ಮೊಬೈಲಲ್ಲಿರೋ ಆ್ಯಪು ಹೋದ ಒಂದು ಗಂಟೇಲಿ ಎಷ್ಟು ವ್ಯೂಸ್ ಬಂತು, ಎಷ್ಟನೇ ಸೆಕೆಂಡಿಗೆ ಜನ ಎದ್ದು ಹೋದ್ರು ಅನ್ನೋದನ್ನೂ ಹೇಳುತ್ತೆ. "ಅಸಲಿಗೆ ಆಗಿದ್ದೇನು ಗೊತ್ತಾ" ಅಂತ ಕೆಂಪು ಬಾಣ ಹಾಕಿದ ಥಂಬ್‌ನೇಲು ಯಾರೋ ದುಷ್ಟರು ಕೂತು ಮಾಡಿದ ಸಂಚಲ್ಲ, ಬಾಣ ಹಾಕ್ದೇ ಇದ್ದ ವಿಡಿಯೋ ಓಡ್ಲಿಲ್ಲ, ಹಾಕಿದ್ದು ಓಡ್ತು, ಅಷ್ಟೇ.

ಇದೆಲ್ಲ ಜನರ ಮನಸ್ಸಿಗೆ ಏನು ಮಾಡುತ್ತೆ ಅನ್ನೋಕೆ ನಂಗೆ ಹಾಸನಕ್ಕಿಂತ ಒಳ್ಳೇ ಉದಾಹರಣೆ ಸಿಗಲ್ಲ.

2025ರ ಜೂನ್, ಜುಲೈ. ಹಾಸನ ಜಿಲ್ಲೇಲಿ ವಯಸ್ಸಿನ ಹುಡುಗರು ಹಾರ್ಟ್ ಅಟ್ಯಾಕಲ್ಲಿ ಒಬ್ಬರಾದ್ಮೇಲೆ ಒಬ್ರು ಹೋಗ್ತಿದಾರೆ ಅಂತ ಸುದ್ದಿ. 40 ದಿನದಲ್ಲಿ 20 ಜನ, ಆಮೇಲೆ 20 ದಾಟ್ತು, ಚಾನಲ್ಲುಗಳಲ್ಲಿ ಲೆಕ್ಕದ ಪಟ್ಟಿ ಓಡ್ತಾನೇ ಇತ್ತು, "ಹಾಸನದಲ್ಲಿ ಮತ್ತೊಂದು ಬಲಿ", ಸಂಜೆಗೆ ಮತ್ತೊಂದು. ಮನೆಮನೇಲೂ ಅದೇ ಮಾತು, ಎಡಗೈ ನೋವು ಅಂದ್ರೆ ಭಯ, ಗ್ಯಾಸ್ ಆದ್ರೂ ಭಯ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗ್ಗೆ ಬೆಳಗ್ಗೇನೇ ಸಾಲು, ಆರಾಮಾಗಿ ಓಡಾಡ್ಕೊಂಡಿದ್ದೋರೂ ಇಸಿಜಿಗೆ ನಿಂತ್ರು, ಗಾಬರಿ ಆಗ್ಬೇಡಿ ಅಂತ ಡಾಕ್ಟರುಗಳೇ ಕೈಮುಗಿಯೋ ಸ್ಥಿತಿ. ಅಷ್ಟರಲ್ಲಿ ಇದು ಕೋವಿಡ್ ಲಸಿಕೆದೇ ಕೆಲಸ ಅನ್ನೋ ಫಾರ್ವರ್ಡು. ಮುಖ್ಯಮಂತ್ರಿ ಸಿದ್ದರಾಮಯ್ಯನೋರೇ ಲಸಿಕೆಗೆ ಆತುರಾತುರವಾಗಿ ಒಪ್ಪಿಗೆ ಕೊಟ್ಟಿದ್ದೂ ಕಾರಣ ಇರಬಹುದು ಅನ್ನೋ ಹಾಗೆ ಸೋಷಿಯಲ್ ಮೀಡಿಯಾದಲ್ಲಿ ಬರೆದ್ರು, ಬಯೋಕಾನ್ ಕಂಪನಿಯ ಕಿರಣ್ ಮಜುಂದಾರ್ ಶಾ ಅದು ತಪ್ಪು ಅಂತ ಅಲ್ಲೇ ಉತ್ತರ ಕೊಟ್ರು, ಅದೇ ಇನ್ನೆರಡು ದಿನದ ಡಿಬೇಟು.

ಈಗ ಸುಮ್ನೆ ಕೂತು ಲೆಕ್ಕ ಹಾಕಿ. 2011ರ ಜನಗಣತಿ ಪ್ರಕಾರ ಹಾಸನ ಜಿಲ್ಲೆ ಜನಸಂಖ್ಯೆ 17 ಲಕ್ಷ 76 ಸಾವಿರ. ವರ್ಷಕ್ಕೆ ಸಾವಿರ ಜನಕ್ಕೆ ಆರೋ ಏಳೋ ಸಾವು ಅಂತ ಇಟ್ಕೊಂಡ್ರೆ ದಿನಕ್ಕೆ 30ರ ಆಸುಪಾಸು ಜನ ಆ ಜಿಲ್ಲೇಲಿ ಮಾಮೂಲಿಯಾಗೇ ತೀರ್ಕೋತಾರೆ. ಅದ್ರಲ್ಲಿ ಕಾಲು ಭಾಗ ಹೃದಯ, ರಕ್ತನಾಳದ ಕಾಯಿಲೆ ಅಂದ್ರೂ ದಿನಕ್ಕೆ ಏಳೆಂಟು. 40 ದಿನಕ್ಕೆ ಮುನ್ನೂರರ ಹತ್ರ. ಟಿವಿಲಿ ಬಂದಿದ್ದು 20 ಚಿಲ್ಲರೆ. ಚಿಕ್ಕ ವಯಸ್ಸಿನೋರು ಅನ್ನೋದು ಹೆದರಿಸಿದ್ದು ನಿಜ, ಮಗನ್ನ ಕಳ್ಕೊಂಡ ಮನೆಗೆ ಈ ಲೆಕ್ಕ ಹೇಳೋಕೆ ಹೋದ್ರೆ ಕಪಾಳಕ್ಕೆ ಬಾರಿಸ್ತಾರೆ, ಬಾರಿಸ್ಬೇಕು ಕೂಡ. ಆದ್ರೆ ಇಡೀ ರಾಜ್ಯ ಹೆದರೋಕೆ ಮುಂಚೆ ಯಾರಾದ್ರೂ ಒಬ್ರು ಹೋದ ವರ್ಷ ಇದೇ 40 ದಿನದಲ್ಲಿ ಎಷ್ಟಾಗಿತ್ತು ಅಂತ ಕೇಳ್ಬೇಕಿತ್ತಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕೋಕೆ ದಾಖಲೆ ತೆಗೀಬೇಕು, ಎರಡು ಮೂರು ದಿನ ಬೇಕು. ಅಷ್ಟು ದಿನ ಸುಮ್ನಿದ್ರೆ ಪಕ್ಕದ ಚಾನಲ್ಲಿನ ಲೆಕ್ಕ 23ಕ್ಕೆ ಹೋಗಿರುತ್ತೆ.

ಕೊನೆಗೆ ಆ ಪ್ರಶ್ನೆ ಕೇಳಿದ್ದು ಸರ್ಕಾರದ ಸಮಿತಿ. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರು ಪಟ್ಟಿಯಲ್ಲಿದ್ದ ಸಾವುಗಳನ್ನ ಒಂದೊಂದಾಗಿ ನೋಡಿ, ಅಸಹಜವಾಗಿ ಜಾಸ್ತಿ ಏನೂ ಆಗಿಲ್ಲ, ಲಸಿಕೆಗೂ ಇದಕ್ಕೂ ಸಂಬಂಧ ಕಾಣ್ತಿಲ್ಲ, ಬಿಪಿ, ಶುಗರ್, ಸಿಗರೇಟು, ಬೊಜ್ಜು ಇವೇ ಹಳೇ ಕಾರಣಗಳು ಅಂದ್ರು. ಸತ್ತೋರಲ್ಲಿ ಹಲವರು ಆಟೋ, ಕ್ಯಾಬ್ ಓಡಿಸೋರು ಅನ್ನೋದೂ ಅದ್ರಲ್ಲಿತ್ತು. ನಂಗೆ ಇಡೀ ಪ್ರಕರಣದಲ್ಲಿ ಸುದ್ದಿ ಅಂತ ಅನ್ಸಿದ್ದು ಅದೊಂದೇ. ಹಗಲೂ ರಾತ್ರಿ ಸೀಟಲ್ಲೇ ಕೂತು, ಹೊತ್ತಿಲ್ಲದ ಹೊತ್ತಲ್ಲಿ ತಿಂದು, ನಿದ್ದೆಗೆಟ್ಟು ದುಡಿಯೋರ ಎದೆ ಯಾಕೆ ಬೇಗ ಸೋಲ್ತಿದೆ ಅಂತ ಅಲ್ಲಿಂದ ಒಂದು ತಿಂಗಳು ಚರ್ಚೆ ಆಗ್ಬೋದಿತ್ತು. ಆಗ್ಲಿಲ್ಲ, ಅಷ್ಟೊತ್ತಿಗೆ ಹೆಣ ಹೂತಿದಾರೆ ಅನ್ನೋ ಆರೋಪದ ಸುದ್ದಿ ಹಿಡಿದು ಎಲ್ರೂ ಧರ್ಮಸ್ಥಳಕ್ಕೆ ಹೊರಟಾಗಿತ್ತು. ಗಲಾಟೆಯಿಂದ ಒಳ್ಳೇದೇ ಆಗ್ಲಿಲ್ಲ ಅಂತಲ್ಲ, ಆಸ್ಪತ್ರೆ ಹೊರಗೆ ಚಿಕ್ಕ ವಯಸ್ಸಲ್ಲಿ ದಿಢೀರ್ ಸತ್ರೆ ವರದಿ ಮಾಡ್ಲೇಬೇಕು ಅಂತ ಸರ್ಕಾರ ಹೇಳ್ತು, ತಾಲೂಕು ಆಸ್ಪತ್ರೆಗಳಿಗೆ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ ಒಯ್ಯೋ ಮಾತು ಬಂತು.

ಪುನೀತ್ ಅಂದಾಗ ಇನ್ನೊಂದು ಹೇಳ್ಬೇಕು, ಇಲ್ಲಾಂದ್ರೆ ನಾನು ಬರೀ ಸ್ಪೀಡಿನ ಶತ್ರು ಅನ್ಕೋತೀರ. 2006ರ ಏಪ್ರಿಲ್ 12ಕ್ಕೆ ರಾಜ್‌ಕುಮಾರ್ ತೀರ್ಕೊಂಡಾಗ ಬೆಂಗಳೂರು ಹೊತ್ತಿ ಉರೀತು, ಬಸ್ಸು ಸುಟ್ರು, ಗೋಲಿಬಾರ್ ಆಯ್ತು, ಪೊಲೀಸರೊಬ್ರು ಸೇರಿ ಎಂಟು ಜನ ಸತ್ರು. ಪಾರ್ಥಿವ ಶರೀರ ಎಲ್ಲಿದೆ, ದರ್ಶನ ಯಾವಾಗ, ಮೆರವಣಿಗೆ ಯಾವ ದಾರಿ, ಒಂದೂ ಸರಿಯಾಗಿ ಗೊತ್ತಿಲ್ಲದ ಜನ ಬಾಯಿಮಾತು ನಂಬ್ಕೊಂಡು ಅಲ್ಲಿಂದಿಲ್ಲಿಗೆ ಓಡಾಡ್ತಿದ್ರು. 2021ರ ಅಕ್ಟೋಬರ್ 29ಕ್ಕೆ ಪುನೀತ್ ಹೋದಾಗ ದುಃಖ ಅದಕ್ಕಿಂತ ಕಮ್ಮಿ ಏನಿರ್ಲಿಲ್ಲ, 46 ವರ್ಷದ ಮನುಷ್ಯ. ಲಕ್ಷಗಟ್ಟಲೆ ಜನ ಬಂದ್ರು, ಕಂಠೀರವ ಸ್ಟೇಡಿಯಂ ಸುತ್ತ ರಾತ್ರಿಯೆಲ್ಲ ಸಾಲಲ್ಲಿ ನಿಂತ್ರು, ಊರು ಶಾಂತವಾಗೇ ಇತ್ತು. ಪೊಲೀಸರ ತಯಾರಿ, ಕುಟುಂಬದೋರು ನಡ್ಕೊಂಡ ರೀತಿ ಎಲ್ಲ ಕಾರಣ ಇರ್ಬೋದು. ಆದ್ರೆ ಪ್ರತಿ ಕ್ಷಣ ಲೈವಲ್ಲಿ ಕಾಣ್ತಿತ್ತು, ಬರೋಕಾಗದೋರು ಮನೇಲೇ ಕೂತು ಅತ್ರು, ನಮ್ಮಿಂದ ಏನೋ ಮುಚ್ಚಿಡ್ತಿದಾರೆ ಅನ್ನೋ ಅನುಮಾನಕ್ಕೆ ಜಾಗ ಇರ್ಲಿಲ್ಲ ಅನ್ನೋದೂ ಒಂದು ಕಾರಣ ಅಂತ ನಾನು ನಂಬ್ತೀನಿ. ಎಲ್ಲಿ, ಯಾವಾಗ, ಯಾವ ದಾರಿ ಅನ್ನೋದನ್ನ ತಕ್ಷಣ ಹೇಳಿದ್ರೆ ಒಳ್ಳೇದು. ಯಾಕೆ, ಯಾರಿಂದ ಅನ್ನೋದನ್ನ ತಕ್ಷಣ ಹೇಳೋಕೆ ಹೋದಾಗಲೇ ಎಡವಟ್ಟು.

ಆದ್ರೆ ಎಲ್ಲಿ, ಯಾವಾಗ ಅನ್ನೋದೂ ಗೊಂದಲ ಆದ್ರೆ ಏನಾಗುತ್ತೆ ಅಂತ 2025ರ ಜೂನ್ 4ಕ್ಕೆ ನೋಡಿದ್ವಿ. ಹಿಂದಿನ ರಾತ್ರಿ ಅಹಮದಾಬಾದಲ್ಲಿ ಆರ್‌ಸಿಬಿ ಕಪ್ ಗೆದ್ದಿದೆ, 18 ವರ್ಷ ಟ್ರೋಲ್ ಮಾಡಿಸ್ಕೊಂಡು ಬಂದ ಟೀಮು, ಊರಿಗೆ ಊರೇ ನಿದ್ದೆ ಮಾಡಿಲ್ಲ. ಬೆಳಗ್ಗೇನೇ ವಿಕ್ಟರಿ ಪರೇಡ್ ಅಂತ ಟೀಮಿನ ಪೋಸ್ಟು, ಪೊಲೀಸರ ಒಪ್ಪಿಗೆ ಆಗಿರ್ಲಿಲ್ಲ, ಇದೆ ಅನ್ನೋರು ಒಂದು ಕಡೆ, ಇಲ್ಲ ಅನ್ನೋರು ಇನ್ನೊಂದು ಕಡೆ, ಫ್ರೀ ಪಾಸ್ ಅಂತ ಒಂದು ಮೆಸೇಜು. 35 ಸಾವಿರ ಜನ ಹಿಡಿಸೋ ಚಿನ್ನಸ್ವಾಮಿ ಸ್ಟೇಡಿಯಂ ಹತ್ರ ಲಕ್ಷಾಂತರ ಜನ. ಗೇಟಲ್ಲಿ ಕಾಲ್ತುಳಿತ, 11 ಜನ ಹೋದ್ರು. ಆಮೇಲೆ ಆಡಳಿತ ನ್ಯಾಯಮಂಡಳಿ, ಪೊಲೀಸರೇನು ದೇವ್ರಲ್ಲ ಮಾಂತ್ರಿಕರೂ ಅಲ್ಲ ಅಂತ ಹೇಳ್ತು. ಸರಿಯಾದ ಮಾತು. ಒಂದು ಪೋಸ್ಟು ಅಷ್ಟು ಜನನ್ನ ಮಧ್ಯಾಹ್ನದೊಳಗೆ ಒಂದು ಕಡೆ ಸೇರಿಸ್ಬೋದು, ಬ್ಯಾರಿಕೇಡು, ಆಂಬುಲೆನ್ಸು, ಸಿಬ್ಬಂದಿ ಇವು ಪೋಸ್ಟಿನ ಸ್ಪೀಡಲ್ಲಿ ಬರಲ್ಲ.

ಸರ್ಕಾರ ನಡೆಸೋರಿಗೂ ಇದೇ ಕಾಯಿಲೆ ಹತ್ತಿದೆ. ಶಾಲೇಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಅಂದ ಗೋಕಾಕ್ ವರದಿ ಬಂದಿದ್ದು 1981ರಲ್ಲಿ, ಸಾಹಿತಿಗಳು ಧರಣಿ ಕೂತು, ಪತ್ರಿಕೆಗಳಲ್ಲಿ ವಾದ ಪ್ರತಿವಾದ ನಡೆದು, 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದು ಊರೂರು ಸುತ್ತಿ, ಆಮೇಲೆ ಗುಂಡೂರಾವ್ ಸರ್ಕಾರ ಬಗ್ಗಿದ್ದು. ಅಷ್ಟು ತಿಂಗಳಲ್ಲಿ ವಿರೋಧ ಮಾಡೋರಿಗೂ ತಮ್ಮ ಮಾತು ಹೇಳೋಕೆ ಟೈಮಿತ್ತು, ಬೇಕು ಅನ್ನೋರಿಗೂ ತಾವೇನು ಕೇಳ್ತಿದೀವಿ ಅಂತ ಸ್ಪಷ್ಟ ಆಗೋಕೆ ಟೈಮಿತ್ತು. ಈಗ 2024ರ ಜುಲೈ ನೋಡಿ. ಖಾಸಗಿ ಕಂಪನಿಗಳಲ್ಲಿ ಮ್ಯಾನೇಜ್‌ಮೆಂಟ್ ಹುದ್ದೆ ಶೇ 50, ಉಳಿದವು ಶೇ 70 ಸ್ಥಳೀಯರಿಗೆ ಅನ್ನೋ ಮಸೂದೆಗೆ ಸಂಪುಟ ಒಪ್ಕೊಳ್ತು. ಸಿ, ಡಿ ಹುದ್ದೆಗಳಲ್ಲಿ ಶೇ 100 ಕನ್ನಡಿಗರಿಗೇ ಅಂತ ಮುಖ್ಯಮಂತ್ರಿಗಳ ಪೋಸ್ಟು ಬಂತು, ಆ ಪೋಸ್ಟು ಡಿಲೀಟೂ ಆಯ್ತು, ಎಕ್ಸಲ್ಲಿ ಉದ್ಯಮಿಗಳು ಮುಗಿಬಿದ್ರು, ಜುಲೈ 17ಕ್ಕೆ ಮಸೂದೆ ತಡೆ ಹಿಡಿದಾಯ್ತು. ಎರಡೇ ದಿನ! ಅದು ಒಳ್ಳೇ ಮಸೂದೆನಾ ಕೆಟ್ಟ ಮಸೂದೆನಾ ಅಂತ ಬಳ್ಳಾರಿಲಿ ಡಿಪ್ಲೊಮಾ ಮುಗಿಸಿ ಕೂತ ಹುಡುಗನ್ನ ಯಾರೂ ಕೇಳ್ಲಿಲ್ಲ, ಅವನು ಅದನ್ನ ಓದಿ ಮುಗಿಸೋ ಮುಂಚೆ ವಿಷ್ಯಾನೇ ಮುಗಿದಿತ್ತು. ಆಮೇಲೆ ಉಳಿದಿದ್ದು ಮಸೂದೆ ಟೀಕಿಸಿದ ಉದ್ಯಮಿಯೊಬ್ರ ಪೇಮೆಂಟ್ ಆ್ಯಪ್ ಬಾಯ್ಕಾಟ್ ಮಾಡಿ ಅನ್ನೋ ಗಲಾಟೆ ಮಾತ್ರ.

ಹಾಗಾದ್ರೆ ಫೋನಲ್ಲಿ ಕಾಣೋ ಮೂಡೇ ಜನರ ಮೂಡಾ? ನಂಗೆ ಇದ್ರ ಮೇಲೆ ನಂಬಿಕೆ ಹೋಗಿದ್ದು ಎಲೆಕ್ಷನ್ನುಗಳನ್ನ ನೋಡಿ. 2022 ಪೂರ್ತಿ ನಮ್ಮ ಸ್ಕ್ರೀನಲ್ಲಿ ಹಿಜಾಬ್, ಹಲಾಲ್, ಆಜಾನ್ ಬಿಟ್ರೆ ಬೇರೆ ಇರ್ಲಿಲ್ಲ, ರಾಜ್ಯ ಅಂದ್ರೆ ಇಷ್ಟೇನಾ ಅನ್ಸೋ ಹಾಗೆ. 2023ರ ಮೇನಲ್ಲಿ ಡಬ್ಬಿ ತೆಗೆದ್ರೆ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಸಿಲಿಂಡರ್ ರೇಟು, ಬಸ್ ಚಾರ್ಜು, ಅಕ್ಕಿ ಲೆಕ್ಕ ಹಾಕ್ತಿದ್ದ ಹೆಂಗಸರು ಟ್ರೆಂಡಿಂಗಲ್ಲಿ ಎಲ್ಲೂ ಇರ್ಲಿಲ್ಲ. ಸರಿ, ಹಾಗಾದ್ರೆ ಜನ ಈ ಕಡೆ ವಾಲಿದ್ರು ಅಂತ ಬರೆದೋರಿಗೆ ಒಂದೇ ವರ್ಷಕ್ಕೆ ಲೋಕಸಭೇಲಿ ಬಿಜೆಪಿ ಜೆಡಿಎಸ್ ಸೇರಿ 19, ಕಾಂಗ್ರೆಸ್ 9 ಅಂತ ಉತ್ತರ ಸಿಕ್ತು. ಅದೇ ಜನ, ಅದೇ ಬೂತು. ಹಾಗಂತ ನೆಟ್ಟಲ್ಲಿ ಕಾಣೋದೆಲ್ಲ ಸುಳ್ಳೂ ಅಲ್ಲ. 2019ರಲ್ಲಿ ಮಂಡ್ಯದ "ನಿಖಿಲ್ ಎಲ್ಲಿದ್ದೀಯಪ್ಪ" ಹಳ್ಳಿ ಹೋಟ್ಲಲ್ಲೂ ನಗಿಸ್ತು, ಮತ ಎಣಿಸಿದಾಗ ಜೆಡಿಎಸ್‌ನ ನಿಖಿಲ್ ಎದುರು ಸುಮಲತಾ ಲಕ್ಷಕ್ಕೂ ಮೇಲೆ ಅಂತರದಲ್ಲಿ ಗೆದ್ರು. 2023ರ ಏಪ್ರಿಲಲ್ಲಿ ಅಮುಲ್ ಬೆಂಗಳೂರಿಗೆ ಹಾಲು ತರ್ತೀವಿ ಅಂತ ಟ್ವೀಟ್ ಮಾಡಿದಾಗ ನಂದಿನಿ ಉಳಿಸಿ ಅಂತ ಎದ್ದ ಸಿಟ್ಟೂ ಹಾಗೇ, ಅದ್ರ ಹಿಂದೆ ಬೆಳಗ್ಗೆ ಸಂಜೆ ಡೇರಿಗೆ ಕ್ಯಾನು ಹೊರೋ ಲಕ್ಷಾಂತರ ಮನೆಗಳಿದ್ವು. ಯಾವುದು ಕ್ಯಾನು ಹೊತ್ತೋರ ಸಿಟ್ಟು, ಯಾವುದು ಬರೀ ಬೆರಳಿನ ಸಿಟ್ಟು ಅಂತ ವ್ಯೂಸ್ ನಂಬರಲ್ಲಿ ಗೊತ್ತಾಗಲ್ಲ, ಎರಡಕ್ಕೂ ಅದೇ ಮೀಟರು.

ಹಳೇ ಕಾಲ ಚೆನ್ನಾಗಿತ್ತು ಅನ್ನೋ ಹಾಡು ನಾನು ಹಾಡಲ್ಲ. ಆಗ ನಿಧಾನ ಇತ್ತು ನಿಜ, ಆದ್ರೆ ಯಾವುದು ಸುದ್ದಿ ಅಂತ ತೀರ್ಮಾನ ಮಾಡ್ತಿದ್ದೋರು ಬೆಂಗಳೂರಿನ ಕೆಲವೇ ಕೋಣೆಗಳ ಕೆಲವೇ ಜನ, ಅದ್ರಲ್ಲಿ ಹೆಂಗಸರೆಷ್ಟು, ದಲಿತರೆಷ್ಟು ಅಂತ ಎಣಿಸೋಕೆ ಕೈ ಬೆರಳು ಜಾಸ್ತಿನೇ ಆಗ್ತಿತ್ತು. ಬ್ಲ್ಯಾಕ್‌ಮೇಲ್ ಮಾಡಿ ಹೊಟ್ಟೆ ಹೊರೀತಿದ್ದ ಟ್ಯಾಬ್ಲಾಯ್ಡುಗಳೂ ಇದ್ವು. ಇವತ್ತು ರಾಯಚೂರಿನ ಹಳ್ಳಿಲಿ ಕುಡಿಯೋ ನೀರಲ್ಲಿ ಹುಳ ಬಂದ್ರೆ ಮೊಬೈಲಲ್ಲಿ ತೆಗೆದು ಹಾಕಿದ ಸಂಜೆಗೆ ಪಿಡಿಒ ಓಡಿ ಬರ್ತಾನೆ, ಅದನ್ನ ಬೇಡ ಅನ್ನೋಕೆ ನಂಗೆ ಬಾಯಿ ಬರಲ್ಲ.

ಸರ್ಕಾರ ಈಗ ಕಾನೂನಿನ ಕಡೆ ನೋಡ್ತಿದೆ. ಸುಳ್ಳು ಸುದ್ದಿಗೆ 7 ವರ್ಷದವರೆಗೂ ಜೈಲು ಅನ್ನೋ ಕರಡು ಮಸೂದೆ 2025ರ ಜೂನಲ್ಲಿ ಹೊರಗೆ ಬಂತು, ಸುಳ್ಳು ಅಂತ ಹೇಳೋರು ಯಾರು ಅಂತ ಗಲಾಟೆನೂ ಆಯ್ತು. ಆ ಗಲಾಟೆ ನ್ಯಾಯವೇ, ಆದ್ರೆ ನನ್ನ ತಕರಾರು ಬೇರೆ. ಹಾಸನದ ಪಟ್ಟೀಲಿದ್ದ ಜನ ನಿಜವಾಗ್ಲೂ ಸತ್ತಿದ್ರು, ಬಹುಪಾಲು ಹೃದಯದ ತೊಂದರೆಯಿಂದಲೇ ಸತ್ತಿದ್ರು. ಯಾವ ಕಾನೂನಲ್ಲಿ ಹಿಡೀತೀರ? ಬಿಡಿಬಿಡಿಯಾಗಿ ಎಲ್ಲಾನೂ ನಿಜ, ಜೋಡಿಸಿ ಗಂಟೆಗೊಂದ್ಸಲ ಹೇಳಿದ್ದೇ ಭಯ.

ಇಲ್ಲೀವರೆಗೆ ಅಷ್ಟೋ ಇಷ್ಟೋ ಕೆಲಸ ಮಾಡಿದ್ದು ಅಂದ್ರೆ ಸ್ಪೀಡಿಗೆ ಹಾಕಿದ ಬ್ರೇಕು ಮಾತ್ರ. 2012ರ ಆಗಸ್ಟಲ್ಲಿ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯದ ಹುಡುಗರು ಬೆಂಗಳೂರು ಸ್ಟೇಷನ್ನಿಂದ ಗುವಾಹಟಿಗೆ ಸ್ಪೆಷಲ್ ಟ್ರೈನ್ ಹತ್ತಿ ಹೋದ್ರಲ್ಲ, ಆಗ ಕೇಂದ್ರ ಸರ್ಕಾರ ಬಲ್ಕ್ ಎಸ್ಸೆಮ್ಮೆಸ್ ನಿಲ್ಲಿಸಿ ಐದಕ್ಕಿಂತ ಜಾಸ್ತಿ ಜನಕ್ಕೆ ಕಳಿಸ್ಬೇಡಿ ಅಂತು. 2018ರಲ್ಲಿ ಮಕ್ಕಳ ಕಳ್ಳರು ಬಂದಿದಾರೆ ಅನ್ನೋ ವಾಟ್ಸಾಪ್ ಮೆಸೇಜಿಗೆ ಬೆಂಗಳೂರಿನ ಚಾಮರಾಜಪೇಟೆಲಿ, ಬೀದರ್ ಜಿಲ್ಲೆಯ ಮುರ್ಕಿಲಿ ಅಮಾಯಕರನ್ನ ಹೊಡೆದು ಕೊಂದ್ರು, ಅದೇ ವರ್ಷ ಜುಲೈಲಿ ವಾಟ್ಸಾಪ್ ಕಂಪನಿನೂ ಫಾರ್ವರ್ಡು ಐದೇ ಚಾಟಿಗೆ ಅಂತ ಮಿತಿ ಹಾಕ್ತು. ಸರ್ಕಾರಕ್ಕೂ ಐದು, ಕಂಪನಿಗೂ ಐದು, ಎಲ್ಲಿಂದ ಬಂತೋ ಆ ಸಂಖ್ಯೆ. ಮೆಸೇಜಿಗೆ ಇದು ನಡೀತು, ಯಾಕಂದ್ರೆ ಫಾರ್ವರ್ಡಿಂದ ವಾಟ್ಸಾಪಿಗೆ ನೇರವಾಗಿ ಜಾಹೀರಾತಿನ ಕಾಸು ಬರ್ತಿರ್ಲಿಲ್ಲ, ಬಿಟ್ಕೊಟ್ರೆ ಹೋಗೋದು ಏನೂ ಇರ್ಲಿಲ್ಲ. ಯೂಟ್ಯೂಬಿಗೆ, ರೀಲ್ಸಿಗೆ, ಲೈವಿಗೆ ಅದೇ ಬ್ರೇಕ್ ಹಾಕಿ ಅಂದ್ರೆ ಅವ್ರ ಗಲ್ಲಾಪೆಟ್ಟಿಗೇನೇ ಮುಚ್ಚಿ ಅಂದಂಗೆ. ಹಾಗಾಗಿ ಮುಂದಿನ ಹಾಸನ ಎಲ್ಲಿ ಆಗುತ್ತೋ ಗೊತ್ತಿಲ್ಲ, ಆಗೋದಂತೂ ಗ್ಯಾರಂಟಿ, ಆಗ ಹೋದ ವರ್ಷದ ಲೆಕ್ಕ ಕೊಡಿ ಅಂತ ಮೊದಲನೇ ದಿನವೇ ಜಿಲ್ಲಾ ಆರೋಗ್ಯಾಧಿಕಾರಿಗಳ ಬಾಗಿಲು ತಟ್ಟೋ ವರದಿಗಾರನಿಗೆ ಸಂಬಳ ಕೊಡೋರು ಯಾರು ಅನ್ನೋದು ನಂಗೆ ಈ ಜೈಲು ಮಸೂದೆಗಿಂತ ದೊಡ್ಡ ಪ್ರಶ್ನೆ.